ಗಾಡಿಗೆ ಹೇಳಿಟ್ಟಿದ್ದೀರಾ? ಆ್ಯಪ್ ಕೈಕೊಡುವ ಶಿರಸಿ–ಕುಮಟಾ ಸೀಮೆಯಲ್ಲಿ ಓಡಾಡುವ ಬಗೆ

ಮೇ ತಿಂಗಳ ಕೊನೆಯ ಒಂದು ಬೆಳಗಿನ ಜಾವ, 4:45ಕ್ಕೆ, ಬೆಂಗಳೂರಿನ ಗೆಳೆಯನೊಬ್ಬ ಶಿರಸಿಯಲ್ಲಿ ಸ್ಲೀಪರ್ ಬಸ್ಸಿನಿಂದ ಇಳಿದ. ಹುಲೇಕಲ್ ಕಡೆಯ ನಮ್ಮ ಮನೆಗೆ, ತಮ್ಮನ ಮಗನ ಉಪನಯನಕ್ಕೆ ಬರುವವನು. ಮಳೆ ಹನಿಯುತ್ತಿತ್ತು. ಅಭ್ಯಾಸಬಲದಿಂದ ಫೋನು ತೆಗೆದು ಆ್ಯಪ್ ಒತ್ತಿದ್ದಾನೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಕೊನೆಗೆ ಹತ್ತಿರದಲ್ಲಿ ಯಾವ ಗಾಡಿಯೂ ಇಲ್ಲ ಎಂದಿತು. ನನಗೆ ಫೋನು ಮಾಡಿದರೆ ನಮ್ಮಲ್ಲಿ ನೆಟ್‌ವರ್ಕ್ ಇಲ್ಲ. ಚಹಾ ಅಂಗಡಿ ತೆರೆಯುವವರೆಗೆ ಕಟ್ಟೆಯ ಮೇಲೆ ಕೂತ. ಅಂಗಡಿಯವರೇ ಪಾಪ, ತಮ್ಮ ಪರಿಚಯದ ರಿಕ್ಷಾದವರನ್ನು ಎಬ್ಬಿಸಿ ಕರೆಸಿದರು. ಮನೆ ಸೇರುವಾಗ 7 ಗಂಟೆ. ಒದ್ದೆ ಬ್ಯಾಗು ಇಳಿಸುತ್ತಿದ್ದವನನ್ನು ನಮ್ಮ ಆಯಿ ಕೇಳಿದ್ದು ಒಂದೇ ಮಾತು: “ಗಾಡಿಗೆ ಹೇಳಿಟ್ಟಿರಲಿಲ್ವಾ?”

ನಮ್ಮ ಕಡೆ ಓಡಾಟದ ಇಡೀ ವಿದ್ಯೆ ಆ ‘ಹೇಳಿಡು’ ಎಂಬ ಮಾತಿನಲ್ಲಿದೆ. ನಗರದಲ್ಲಿ ಗಾಡಿಯನ್ನು ಕರೆಯುತ್ತಾರೆ, ಬರುತ್ತದೆ. ಇಲ್ಲಿ ಹಿಂದಿನ ದಿನವೇ ಹೇಳಿಡಬೇಕು. ಹೊಸದಾಗಿ ಊರಿಗೆ ಬಂದವರಿಗೆ, ಮನೆಯಿಂದ ಕೆಲಸ ಮಾಡಲು ಊರಿಗೆ ಮರಳಿದವರಿಗೆ, ಅಪ್ಪ–ಅಮ್ಮನನ್ನು ಹಳ್ಳಿಯಲ್ಲಿ ಬಿಟ್ಟು ದೂರದಲ್ಲಿರುವವರಿಗೆ ಇದು ಹೇಗೆ ಎಂದು ಬರೆಯುತ್ತಿದ್ದೇನೆ.

ಆ್ಯಪ್ ಇಲ್ಲಿ ಯಾಕೆ ಓಡುವುದಿಲ್ಲ

ಇದನ್ನು ಮೊದಲು ತಿಳಿದುಕೊಂಡರೆ ಸಿಟ್ಟು ಕಡಿಮೆಯಾಗುತ್ತದೆ, ಚೌಕಾಸಿಯೂ ಸುಲಭವಾಗುತ್ತದೆ. ಶಿರಸಿ ಪೇಟೆಯಿಂದ 18 ಕಿ.ಮೀ. ದೂರದ ಹಳ್ಳಿಗೆ ನಿಮ್ಮನ್ನು ಬಿಟ್ಟ ಡ್ರೈವರ್ ಅದೇ 18 ಕಿ.ಮೀ. ಖಾಲಿ ವಾಪಸು ಬರಬೇಕು. ಬೆಂಗಳೂರಿನಲ್ಲಾದರೆ ಮುಂದಿನ ಬಾಡಿಗೆ ಪಕ್ಕದ ಗಲ್ಲಿಯಲ್ಲೇ ಸಿಗುತ್ತದೆ. ಒಂದು ಕಡೆಯ ದೂರಕ್ಕೆ ಮಾತ್ರ ದುಡ್ಡು ಕೊಡುವ ಲೆಕ್ಕ ಇಲ್ಲಿ ಯಾರಿಗೂ ಗಿಟ್ಟುವುದಿಲ್ಲ.

ಎರಡನೆಯದು, ಹಳ್ಳಿಯಲ್ಲಿ ಬಾಡಿಗೆ ಗಾಡಿ ಇಟ್ಟವರಲ್ಲಿ ಎಷ್ಟೋ ಮಂದಿಗೆ ಅದೊಂದೇ ಕೆಲಸವಲ್ಲ. ಬೆಳಿಗ್ಗೆ ತೋಟ, ಮಧ್ಯಾಹ್ನ ಅಂಗಡಿ, ಹೇಳಿದರೆ ಗಾಡಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಸಾವಿರ ಕೊಡುತ್ತೇನೆಂದರೂ ಕೆಲವರು ಬರಲಾರರು. ಅಡಿಕೆ ಗೊನೆ ಕೊಯ್ಯುವವರು ಸಿಕ್ಕ ದಿನ ತೋಟ ಬಿಟ್ಟು ಹೋದರೆ ಮತ್ತೆ ಅವರು ಸಿಗುವುದು ಯಾವಾಗಲೋ! ಮೂರನೆಯದು ನೆಟ್‌ವರ್ಕ್. ಅದರ ಬಗ್ಗೆ ನಾನು ಹೇಳುವುದೇ ಬೇಡ.

ಮೊದಲ ಕೆಲಸ: ನಂಬರಿನ ಪಟ್ಟಿ

ಒಬ್ಬ ಡ್ರೈವರ್ ನಂಬರು ಇದ್ದರೆ ಸಾಲದು. ಕನಿಷ್ಠ ನಾಲ್ಕು ಬೇಕು. ಹಳ್ಳಿಯಲ್ಲೇ ಇರುವ ಗಾಡಿಯವರು ಒಬ್ಬರು. ಪೇಟೆಯ ಬಸ್ ನಿಲ್ದಾಣದ ಹತ್ತಿರದ ರಿಕ್ಷಾ ಸ್ಟ್ಯಾಂಡಿನವರು ಒಬ್ಬರು. ಹುಬ್ಬಳ್ಳಿ, ಮಣಿಪಾಲದಂಥ ದೂರದ ದಾರಿ ಗೊತ್ತಿರುವ ಕಾರಿನವರು ಒಬ್ಬರು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ರಾತ್ರಿ ಫೋನು ಎತ್ತುವವರು. ಹಗಲಿನ ಒಳ್ಳೆಯ ಡ್ರೈವರ್ ರಾತ್ರಿ ಫೋನು ಸೈಲೆಂಟ್ ಇಟ್ಟು ಮಲಗಬಹುದು, ಅದು ಅವರ ಹಕ್ಕು. ಆದ್ದರಿಂದ ಮೊದಲೇ ಕೇಳಿಕೊಳ್ಳಿ: “ರಾತ್ರಿ ಏನಾದರೂ ಆದರೆ ಮಾಡಬಹುದಾ?”

ನಂಬರು ಹುಡುಕುವುದಕ್ಕೆ ಅಂತರ್ಜಾಲ ಬೇಡ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಕೇಳಿ, ಹಾಲಿನ ಡೇರಿಯಲ್ಲಿ ಕೇಳಿ. ಫೋನಿನಲ್ಲಿ ಉಳಿಸುವಾಗ ಎಲ್ಲ ಹೆಸರಿನ ಹಿಂದೆ ‘ಗಾಡಿ’ ಎಂದು ಸೇರಿಸಿ. ಗಾಬರಿಯಲ್ಲಿ ಹೆಸರು ಮರೆತರೂ ‘ಗಾಡಿ’ ಎಂದು ಹುಡುಕಿದರೆ ನಾಲ್ಕೂ ಒಟ್ಟಿಗೆ ಬರುತ್ತವೆ. ಅದೇ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ನಮ್ಮ ಆಯಿಗೆ ಸ್ಮಾರ್ಟ್ ಫೋನಿನಲ್ಲಿ ಹೆಸರು ಹುಡುಕಲು ಬರುವುದಿಲ್ಲ, ಗೋಡೆಯ ಮೇಲಿನ ಅಂಕಿ ಒತ್ತಲು ಬರುತ್ತದೆ.

ನೆಟ್‌ವರ್ಕ್ ಇಲ್ಲದ ಮನೆಗೆ ಒಂದು ಉಪಾಯ. ಈಗ ಎಷ್ಟೋ ಹಳ್ಳಿಗೆ ಬಿಎಸ್‌ಎನ್‌ಎಲ್ ಫೈಬರ್ ಬಂದಿದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿಟ್ಟರೆ ಟವರ್ ಇಲ್ಲದಿದ್ದರೂ ಸಾಧಾರಣ ಕರೆ ಹೋಗುತ್ತದೆ, ಬರುತ್ತದೆ. ಫೋನು ಮತ್ತು ಸಿಮ್ ಎರಡೂ ಅದಕ್ಕೆ ಒಪ್ಪುವಂಥದ್ದಿರಬೇಕು. ಕರೆಂಟು ಹೋದರೆ ವೈಫೈಯೂ ಹೋಗುತ್ತದೆ ಎಂಬುದು ನೆನಪಿರಲಿ. ರೂಟರಿಗೆ ಸಣ್ಣದೊಂದು ಯುಪಿಎಸ್ ಹಾಕಿಡಿ. ಮಳೆಗಾಲದಲ್ಲಿ ಅದರ ಬೆಲೆ ತಿಳಿಯುತ್ತದೆ.

ಗಾಡಿಗೂ ಮೊದಲು ಬಸ್ಸು

ಎಲ್ಲದಕ್ಕೂ ಬಾಡಿಗೆ ಗಾಡಿ ಎಂದರೆ ಮನೆ ನಡೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಓಡುವ ಕೆಂಪು ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಅದರ ಉತ್ತರ ಕನ್ನಡ ವಿಭಾಗದ ಕಚೇರಿ ಇರುವುದು ಶಿರಸಿಯಲ್ಲೇ. ನಿಮ್ಮ ಹಳ್ಳಿಗೆ ದಿನಕ್ಕೆ ಎರಡೋ ಮೂರೋ ಬಸ್ಸಿರಬಹುದು. ಅವುಗಳ ಹೊತ್ತನ್ನು ಕಂಠಪಾಠ ಮಾಡಿ. ದೂರದ ಊರಿನ ಬಸ್ಸುಗಳ ವೇಳೆ ಫೋನಿನಲ್ಲಿ ಸಿಗಬಹುದು, ಹಳ್ಳಿ ಬಸ್ಸಿನದು ಸಿಗುವುದು ಕಷ್ಟ. ನಿಲ್ದಾಣದಲ್ಲಿ ವೇಳಾಪಟ್ಟಿಯ ಫೋಟೋ ಹೊಡೆದುಕೊಳ್ಳಿ, ಆಮೇಲೆ ಕಂಟ್ರೋಲರ್ ಹತ್ತಿರ ಹೋಗಿ ಇದರಲ್ಲಿ ಈಗ ಓಡುವುದು ಯಾವುದು ಎಂದು ಕೇಳಿ. ಬೋರ್ಡಿನಲ್ಲಿ ಇರುವುದೆಲ್ಲ ರಸ್ತೆಯಲ್ಲಿ ಇರಬೇಕೆಂದಿಲ್ಲ.

ಹೊಸಬರಿಗೆ ಗೊತ್ತಿಲ್ಲದ ಒಂದು ಸಂಗತಿ ವಸ್ತಿ ಬಸ್ಸು. ಸಂಜೆ ಪೇಟೆಯಿಂದ ಹೊರಟು ಹಳ್ಳಿಯ ಕೊನೆ ಮುಟ್ಟಿ, ಅಲ್ಲೇ ರಾತ್ರಿ ನಿಂತು, ಬೆಳಿಗ್ಗೆ ಬೇಗ ಪೇಟೆಗೆ ಹೊರಡುವ ಬಸ್ಸು ಅದು. ಡ್ರೈವರ್, ಕಂಡಕ್ಟರ್ ಇಬ್ಬರೂ ಊರಲ್ಲೇ ಮಲಗುತ್ತಾರೆ. ಬೆಂಗಳೂರಿನ ಬಸ್ಸು, ಕುಮಟಾದ ರೈಲು, ಹುಬ್ಬಳ್ಳಿಯ ಡಾಕ್ಟರು, ಯಾವುದಕ್ಕೆ ಹೊರಟರೂ ಬೆಳಿಗ್ಗೆಯ ಈ ಬಸ್ಸನ್ನು ಹಿಡಿದು ಯೋಜನೆ ಮಾಡಿ. ಹಿಂದಿನ ರಾತ್ರಿ ಕಂಡಕ್ಟರಿಗೆ “ಬೆಳಿಗ್ಗೆ ನಮ್ಮ ತಿರುವಿನಲ್ಲಿ ಇಬ್ಬರಿದ್ದೇವೆ” ಎಂದು ಹೇಳಿಟ್ಟರೆ, ನೀವು ಓಡುತ್ತಾ ಬರುವುದನ್ನು ನೋಡಿ ಅರ್ಧ ನಿಮಿಷ ಹಾರ್ನ್ ಹೊಡೆದು ಕಾಯುತ್ತಾರೆ. ಯಾವ ಆ್ಯಪ್ ಕಾಯುತ್ತದೆ ಹೇಳಿ!

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಕಾರವಾರದಿಂದ ಮಡಗಾಂವಿಗೆ ಹೋಗುವ ಗೋವಾದ ಕದಂಬ ಬಸ್ಸಿಗೂ ಇಲ್ಲ. 60 ದಾಟಿದ ಗಂಡಸರು ವಯಸ್ಸಿನ ದಾಖಲೆ ತೋರಿಸಿ ಹಿರಿಯ ನಾಗರಿಕರ ರಿಯಾಯಿತಿ ಕೇಳಿ ಪಡೆಯಬಹುದು. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ಅನುಕೂಲ ಟೆಂಪೋ. ಕುಮಟಾ, ಹೊನ್ನಾವರ, ಭಟ್ಕಳದ ಹೆದ್ದಾರಿಯಲ್ಲಿ ಕೈ ತೋರಿಸಿದಲ್ಲಿ ನಿಲ್ಲುತ್ತದೆ. ತದಡಿಯಿಂದ ಅಘನಾಶಿನಿಗೆ ದಾಟಲು ಹೊಳೆಯಲ್ಲಿ ಬೋಟೂ ಇದೆ. ರಸ್ತೆ ಸುತ್ತಿ ಹೋಗುವುದಕ್ಕಿಂತ ಎಷ್ಟೋ ಹತ್ತಿರ. ಸಂಜೆ ಕೊನೆಯ ಬೋಟು ಎಷ್ಟಕ್ಕೆ ಎಂದು ದಾಟುವ ಮೊದಲೇ ಕೇಳಿಕೊಳ್ಳಿ.

ಗಾಡಿಗೆ ಹೇಳಿಡುವುದು ಹೇಗೆ

ಬಸ್ಸಿನ ಹೊತ್ತಿಗೆ ಹೊಂದದ ಕೆಲಸಕ್ಕೆ ಮಾತ್ರ ಗಾಡಿ. ಹಿಂದಿನ ದಿನ ಸಂಜೆಯ ಹೊತ್ತಿಗೆ ಫೋನು ಮಾಡಿ. ಐದು ವಿಷಯ ಒಂದೇ ಉಸಿರಿನಲ್ಲಿ ಹೇಳಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ, ಎಷ್ಟು ಜನ ಮತ್ತು ಎಷ್ಟು ಸಾಮಾನು, ಬಿಟ್ಟು ಬರುವುದೋ ಕಾಯುವುದೋ. ನಮ್ಮ ಮನೆಯ ಫೋನು ಹೀಗಿರುತ್ತದೆ:

“ಅಣ್ಣ, ನಾಳೆ ಬುಧವಾರ ಬೆಳಿಗ್ಗೆ ಖಾಲಿ ಇದ್ದೀರಾ?”

“ಎಷ್ಟು ಹೊತ್ತಿಗೆ?”

“ಆರೂವರೆಗೆ ಮನೆಯಿಂದ. ಮೂರು ಜನ, ಎರಡು ಬ್ಯಾಗು, ಒಂದು ಹಲಸಿನಹಣ್ಣು. ಕುಮಟಾ ಸ್ಟೇಷನ್ನಿಗೆ ಬಿಡುವುದು ಅಷ್ಟೇ.”

“ಹಲಸಿನಹಣ್ಣು ಕೊಯ್ದಿದ್ದಾ, ಇಡೀ ಹಣ್ಣಾ?”

ನಗಬೇಡಿ. ಹಿಂದಿನ ವಾರದ ಹಲಸಿನಹಣ್ಣಿನ ವಾಸನೆ ಗಾಡಿಯಿಂದ ಇನ್ನೂ ಹೋಗಿರುವುದಿಲ್ಲ.

ಕೊನೆಗೆ ಬಾಡಿಗೆ ಎಷ್ಟು ಎಂದು ಕೇಳಿ. “ನೋಡಿ ಕೊಡಿ” ಎಂದರೆ ಒಪ್ಪಬೇಡಿ. ಇಳಿಯುವಾಗ ಇಬ್ಬರಿಗೂ ಇರುಸುಮುರುಸು. ರಾತ್ರಿ ಮಲಗುವ ಮುಂಚೆ ಒಂದು ಮೆಸೇಜು ಹಾಕಿ, ಬೆಳಿಗ್ಗೆ ಹೊರಡುವ ಹೊತ್ತಿಗೆ ಅರ್ಧ ತಾಸು ಮೊದಲು ಒಂದು ಮಿಸ್ಡ್ ಕಾಲ್ ಕೊಡಿ.

ದಿನದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ಬಿದ್ದಿದ್ದೇನೆ. ಒಮ್ಮೆ ಮುಂಬಯಿಯಿಂದ ಕುಮಟಾಕ್ಕೆ ಬರುತ್ತಿದ್ದೆ. ಟಿಕೆಟಿನಲ್ಲಿ ಶನಿವಾರ 2 ಗಂಟೆ ಎಂದಿತ್ತು, ರಾತ್ರಿಯದು. ಡ್ರೈವರಿಗೆ “ಶನಿವಾರ ರಾತ್ರಿ 2 ಗಂಟೆ” ಎಂದು ಹೇಳಿಟ್ಟೆ. ಇಳಿದು ನೋಡಿದರೆ ಯಾರೂ ಇಲ್ಲ. ಫೋನು ಸ್ವಿಚ್ ಆಫ್. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸೊಳ್ಳೆ ಹೊಡೆಯುತ್ತಾ ಕೂತು, ಬೆಳಗಾದ ಮೇಲೆ ಬಸ್ ನಿಲ್ದಾಣಕ್ಕೆ ಹೋಗಿ ಶಿರಸಿ ಬಸ್ಸು ಹತ್ತಿದೆ. ಅದೇ ಶನಿವಾರ ರಾತ್ರಿ ಮನೆಯಲ್ಲಿ ಊಟ ಮಾಡುತ್ತಿದ್ದಾಗ ಫೋನು ಬಂತು: “ಇನ್ನು ಹೊರಡಲಾ? 2 ಗಂಟೆಗೆ ಅಲ್ವಾ?” ತಪ್ಪು ಅವರದ್ದಲ್ಲ. ರೈಲಿನವರಿಗೆ ರಾತ್ರಿ 12ಕ್ಕೆ ದಿನ ಬದಲಾಗುತ್ತದೆ, ನಮ್ಮ ಕಡೆಯವರಿಗೆ ಬೆಳಗಾದ ಮೇಲೆಯೇ. ಈಗ ನಾನು ಹೇಳುವುದು ಹೀಗೆ: “ಶುಕ್ರವಾರ ರಾತ್ರಿ ಊಟ ಮಾಡಿ ಹೊರಡಿ, ಶನಿವಾರ ಬೆಳಗಾಗುವುದರೊಳಗೆ ವಾಪಸು.”

ರೈಲಿಗೆ ಹೋಗುವವರು, ಬರುವವರು

ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ನಾನು ಶಾಲೆಗೆ ಹೋಗುವಾಗಿನಿಂದ ಓಡುತ್ತಿದೆ, ರೈಲು ಮಾತ್ರ ಓಡಿಲ್ಲ. ಸದ್ಯಕ್ಕೆ ನಮಗಿರುವ ನಿಲ್ದಾಣಗಳೆಂದರೆ ಘಟ್ಟದ ಕೆಳಗೆ ಸುಮಾರು 60 ಕಿ.ಮೀ. ದೂರದ ಕುಮಟಾ, ಸಾಗರದ ಕಡೆಗೆ ತಾಳಗುಪ್ಪ, ಬಯಲುಸೀಮೆಗೆ ಹಾವೇರಿ ಮತ್ತು ಹುಬ್ಬಳ್ಳಿ. ಘಟ್ಟದ ಕೆಳಗಿನವರಿಗೆ ಕೊಂಕಣ ರೈಲ್ವೆ ಇದೆ, ಆದರೆ ನಿಲ್ದಾಣಗಳು ಪೇಟೆಯೊಳಗಿಲ್ಲ. ಕಾರವಾರದ ನಿಲ್ದಾಣ ಇರುವುದು ಶಿರವಾಡದಲ್ಲಿ. ಗೋಕರ್ಣಕ್ಕೆ ಇಳಿಯಬೇಕಾದ ನಿಲ್ದಾಣದ ಹೆಸರೇ ‘ಗೋಕರ್ಣ ರೋಡ್’. ರೈಲ್ವೆಯವರು ಹೆಸರಿಗೆ ‘ರೋಡ್’ ಸೇರಿಸಿದ್ದಾರೆ ಎಂದರೆ ಊರು ಇನ್ನೂ ದೂರ ಇದೆ ಎಂದೇ ಅರ್ಥ. ಹಗಲು ರೈಲಿಗೆ ರಿಕ್ಷಾಗಳು ಬಂದು ನಿಂತಿರುತ್ತವೆ. ನಡುರಾತ್ರಿಯ ರೈಲಿಗೆ ಹೇಳಿಡಲೇಬೇಕು.

ಮಳೆಗಾಲದಲ್ಲಿ ಇನ್ನೊಂದು ತೊಡಕು. ಜೂನ್ ನಡುವಿನಿಂದ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ. ರೈಲು ನಿಧಾನಕ್ಕೆ ಓಡುತ್ತದೆ, ಕೆಲವು ರೈಲಿನ ಹೊತ್ತು ತಾಸುಗಟ್ಟಲೆ ಆಚೀಚೆ ಆಗುತ್ತದೆ. ಏಪ್ರಿಲ್‌ನಲ್ಲಿ ನೋಡಿಟ್ಟ ಸಮಯವನ್ನು ಜುಲೈನಲ್ಲಿ ಡ್ರೈವರಿಗೆ ಹೇಳಬೇಡಿ.

ದುಡ್ಡಿನ ಲೆಕ್ಕ

ಕಾರಿಗೆ ಕಿಲೋಮೀಟರ್ ಲೆಕ್ಕ, ಹೋಗುವುದೂ ಬರುವುದೂ ಸೇರಿ. ಕಿ.ಮೀ.ಗೆ 15 ರೂಪಾಯಿ ಎಂದು ಸುಮ್ನೆ ಇಟ್ಟುಕೊಳ್ಳಿ. ಶಿರಸಿಯಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ 100 ಕಿ.ಮೀ., ಹೋಗಿ ಬಂದರೆ 200, ಅಂದರೆ 3000 ರೂಪಾಯಿ. ಇದರ ಮೇಲೆ ಡ್ರೈವರ್ ಬತ್ತಾ, ಟೋಲ್ ಇದ್ದರೆ ಟೋಲ್. ಕರಾವಳಿ ಹೆದ್ದಾರಿಯಲ್ಲಾದರೆ ಹಟ್ಟಿಕೇರಿ, ಹೊಳೆಗದ್ದೆಯಲ್ಲಿ ಟೋಲ್ ಸಿಗುತ್ತದೆ. ದೂರದ ಬಾಡಿಗೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಷರತ್ತು ಇರುತ್ತದೆ. ಅದನ್ನೂ, ಕಾಯುವುದಕ್ಕೆ ಬೇರೆ ಹಣ ಇದೆಯಾ ಎಂಬುದನ್ನೂ ಮೊದಲೇ ಕೇಳಿ. ರಿಕ್ಷಾ ದರವನ್ನು ಜಿಲ್ಲೆಯ ಸಾರಿಗೆ ಪ್ರಾಧಿಕಾರ ನಿಗದಿ ಮಾಡುತ್ತದೆ ಎಂಬುದು ನಿಜ, ಆದರೆ ನಮ್ಮ ಪೇಟೆಯಲ್ಲಿ ನಾನು ಮೀಟರ್ ನೋಡಿ ದುಡ್ಡು ಕೊಟ್ಟ ನೆನಪಿಲ್ಲ. ಹತ್ತುವ ಮೊದಲೇ ಮಾತಾಡಿಬಿಡಿ.

ಚೌಕಾಸಿ ಮಾಡುವುದಾದರೆ ದರದಲ್ಲಿ ಬೇಡ, ಹೊತ್ತಿನಲ್ಲಿ ಮಾಡಿ. “ನಿಮಗೆ ಆ ಕಡೆಯಿಂದ ಯಾವತ್ತು ಬಾಡಿಗೆ ಇದೆ ಹೇಳಿ, ನಾವು ಅವತ್ತೇ ಹೋಗುತ್ತೇವೆ” ಎಂದರೆ ಖಾಲಿ ಬರುವ ನಷ್ಟ ತಪ್ಪುತ್ತದೆ. ಅವರಾಗಿಯೇ ಕಡಿಮೆ ಮಾಡುತ್ತಾರೆ. ನಾನು ಕುಮಟಾದಿಂದ ಅರ್ಧ ಬಾಡಿಗೆಯಲ್ಲಿ ಮನೆಗೆ ಬಂದಿದ್ದು ಹೀಗೆ, ಬೇರೆ ಯಾರನ್ನೋ ರೈಲಿಗೆ ಬಿಡಲು ಇಳಿದಿದ್ದ ಗಾಡಿಯಲ್ಲಿ.

ಹಳದಿ ಬೋರ್ಡು, ಬಿಳಿ ಬೋರ್ಡು

ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆಗೆ ನೋಂದಣಿಯಾದ ಗಾಡಿ. ಬಿಳಿ ಫಲಕ ಸ್ವಂತ ಬಳಕೆಯದು. ಹಳ್ಳಿಯಲ್ಲಿ ಬಿಳಿ ಬೋರ್ಡಿನ ಗಾಡಿಯೇ ಬಾಡಿಗೆಗೆ ಸಿಗುವುದು ಜಾಸ್ತಿ. ನಾನೂ ಹತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅಪಘಾತವಾದರೆ, ಸ್ವಂತಕ್ಕೆಂದು ಮಾಡಿಸಿದ ವಿಮೆಯಲ್ಲಿ ಬಾಡಿಗೆ ಓಡಿಸಿದ್ದಕ್ಕೆ ತಕರಾರು ಬರುತ್ತದೆ. ಪೇಟೆಯವರೆಗಿನ ಅವಸರಕ್ಕೆ ಏನೋ ಒಂದು. ಮಂಗಳೂರು, ಹುಬ್ಬಳ್ಳಿಯಂಥ ದೂರಕ್ಕೆ, ರಾತ್ರಿ ಪ್ರಯಾಣಕ್ಕೆ ಹಳದಿ ಬೋರ್ಡೇ ಇರಲಿ. ಗೂಡ್ಸ್ ಗಾಡಿಯ ಹಿಂಬದಿಯಲ್ಲಿ ಜನ ಕೂರುವುದಂತೂ ಮದುವೆ ದಿಬ್ಬಣಕ್ಕೂ ಬೇಡ.

ಹಂಚಿಕೊಂಡು ಹೋಗುವುದು

ನಮ್ಮ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭೋದಯದ ಹೂವಿನ ನಡುವೆ ಕೆಲಸಕ್ಕೆ ಬರುವ ಸಂದೇಶ ಒಂದಿರುತ್ತದೆ: ‘ನಾಳೆ 9ಕ್ಕೆ ಪೇಟೆಗೆ ಹೋಗುತ್ತೇನೆ, ಎರಡು ಸೀಟು ಖಾಲಿ.’ ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಓಡಾಟಕ್ಕೆಂದೇ ಬೇರೆ ಗುಂಪು ಮಾಡಿ, ಅದರಲ್ಲಿ ಬೇರೇನೂ ಹಾಕಬಾರದೆಂದು ಗಟ್ಟಿಯಾಗಿ ಹೇಳಿ. ಪಕ್ಕದ ಮನೆಯವರ ಕಾರಿನಲ್ಲಿ ಹೋದರೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗೆಂದು ಹತ್ತು ಸಲ ಪುಕ್ಕಟೆ ಹೋದರೆ ಹನ್ನೊಂದನೆಯ ಸಲ ಸೀಟು ಖಾಲಿ ಇರುವುದಿಲ್ಲ. ಒಮ್ಮೆ ಪೆಟ್ರೋಲ್ ಹಾಕಿಸಿ, ಇಲ್ಲವೇ ಅವರ ಗ್ಯಾಸ್ ಸಿಲಿಂಡರ್ ನೀವು ತಂದುಕೊಡಿ.

ಸಂತೆಯ ದಿನ ಗಾಡಿ ಹಂಚಿಕೊಳ್ಳಲು ಜನ ಸಿಗುತ್ತಾರೆ. ಕಾರವಾರದಲ್ಲಾದರೆ ಅದು ಭಾನುವಾರ. ಆದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ಗಾಡಿ ಕೇಳಲೇಬೇಡಿ. ಆಗ ನಡೆದವನೇ ಮೊದಲು ಮುಟ್ಟುತ್ತಾನೆ.

ಮಳೆಗಾಲ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಇವನ್ನು ಕಂಡ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಇಳಿಯುವಾಗ ನನ್ನದೊಂದು ನಿಯಮ: ಬಸ್ಸು ಇಳಿಯದ ಘಟ್ಟವನ್ನು ಕಾರಿನಲ್ಲಿ ಇಳಿಯುವುದಿಲ್ಲ. ಹೊರಡುವ ಮೊದಲು ಬಸ್ ನಿಲ್ದಾಣಕ್ಕೆ ಫೋನು ಮಾಡಿ, ಕುಮಟಾ ಬಸ್ಸು ದೇವಿಮನೆ ಘಟ್ಟದಲ್ಲಿ ಹೋಗುತ್ತಿದೆಯಾ, ಬೇರೆ ದಾರಿ ಸುತ್ತುತ್ತಿದೆಯಾ ಎಂದು ಕೇಳಿ. ಸುತ್ತುತ್ತಿದ್ದರೆ ಬಾಡಿಗೆಯೂ ಹೆಚ್ಚುತ್ತದೆ, ಹೊತ್ತೂ ಹೆಚ್ಚುತ್ತದೆ. ರೈಲಿಗೆ ಹೋಗುವವರು ಎರಡು ತಾಸು ಮೊದಲೇ ಹೊರಡಿ.

ಆಸ್ಪತ್ರೆಗೆ

ತುರ್ತಿಗೆ 108. ಕರೆಯೂ ಗಾಡಿಯೂ ಉಚಿತ. ಪೊಲೀಸರ ನೆರವಿಗೆ 112. ಆದರೆ ಒಳಗಿನ ಹಳ್ಳಿಗೆ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ. ಹಾವು ಕಚ್ಚಿದಾಗ, ಎದೆನೋವು ಬಂದಾಗ ಕಾಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿದವರೇ ಇನ್ನೊಂದು ಫೋನಿನಿಂದ ಊರ ಗಾಡಿಯನ್ನೂ ಕರೆಯಿರಿ. ರೋಗಿಯನ್ನು ಹತ್ತಿಸಿಕೊಂಡು ಎದುರು ಹೊರಡಿ, ದಾರಿಯಲ್ಲಿ ಯಾವ ಜಾಗದಲ್ಲಿ ಸಿಗುತ್ತೀರಿ ಎಂದು ಆಂಬುಲೆನ್ಸಿನವರಿಗೆ ಹೇಳಿ. ಜಾಗ ಹೇಳುವಾಗ ನಿಮ್ಮ ಮನೆತನದ ಹೆಸರು ಬೇಡ. ಶಾಲೆ, ಸೊಸೈಟಿ, ಬಸ್ ತಂಗುದಾಣ ಹೇಳಿ. ಮನೆಗೆ ಬರುವ ಕಚ್ಚಾ ರಸ್ತೆಯ ತಿರುವಿನಲ್ಲಿ ಒಬ್ಬರು ಟಾರ್ಚು ಹಿಡಿದು ನಿಲ್ಲಲಿ.

ದಿನ ತುಂಬಿದ ಬಸುರಿ ಮನೆಯಲ್ಲಿದ್ದರೆ ಕೊನೆಯ ತಿಂಗಳು ಎರಡು ಗಾಡಿಯವರಿಗೆ ಹೇಳಿಡಿ. ಒಬ್ಬರು ಊರಲ್ಲಿಲ್ಲದ ದಿನವೇ ನೋವು ಶುರುವಾಗುವುದು.

ಬಸ್ಸು ಬೇಕೆಂದು ಕೇಳುವುದು

ಇದು ನಿಧಾನದ ಕೆಲಸ, ಆದರೂ ಮಾಡಿ. ಬರಿಯ ‘ನಮ್ಮೂರಿಗೆ ಬಸ್ಸು ಬಿಡಿ’ ಎಂಬ ಅರ್ಜಿಗೆ ತೂಕವಿಲ್ಲ. ಯಾವ ದಾರಿ, ಯಾವ ಹೊತ್ತು, ದಿನಾ ಹತ್ತುವವರು ಎಷ್ಟು ಮಂದಿ, ಅದರಲ್ಲಿ ಪಾಸಿನ ವಿದ್ಯಾರ್ಥಿಗಳೆಷ್ಟು ಎಂದು ಬರೆಯಿರಿ. ಬಸ್ಸು ತಿರುಗಿಸಲು ಜಾಗ ಎಲ್ಲಿದೆ ಎಂದೂ ಬರೆಯಿರಿ. ಗ್ರಾಮ ಪಂಚಾಯಿತಿಯ ಠರಾವು ಜೋಡಿಸಿ. ಒಂದು ಪ್ರತಿ ಘಟಕ ವ್ಯವಸ್ಥಾಪಕರಿಗೆ, ಒಂದು ವಿಭಾಗೀಯ ನಿಯಂತ್ರಣಾಧಿಕಾರಿಗೆ, ಒಂದು ಶಾಸಕರಿಗೆ. ಮೂರರ ಮೇಲೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹೊಸ ಬಸ್ಸಿಗಿಂತ, ಈಗ ಹತ್ತಿರದ ಊರಿನವರೆಗೆ ಬರುವ ಬಸ್ಸನ್ನು ಮೂರು ಕಿ.ಮೀ. ಮುಂದೆ ಓಡಿಸಿ ಎಂದು ಕೇಳುವುದು ಸುಲಭ.

ನಮ್ಮ ಅರ್ಜಿಯನ್ನು ಕೊಟ್ಟಾಗ ಅಲ್ಲಿಯ ಸಿಬ್ಬಂದಿಯೊಬ್ಬರು ಓದಿ ಕೇಳಿದ ಪ್ರಶ್ನೆ ಒಂದೇ: ವಸ್ತಿ ಬಸ್ಸಾದರೆ ಡ್ರೈವರ್, ಕಂಡಕ್ಟರ್ ಮಲಗುವುದೆಲ್ಲಿ? ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಈಗ ಶಾಲೆಯ ಪಕ್ಕದ ಖಾಲಿ ಕೋಣೆಗೆ ಹಂಚು ಹೊದೆಸಿ, ಎರಡು ಮಂಚ ಹಾಕಿ, ನೀರಿನ ವ್ಯವಸ್ಥೆ ಮಾಡುತ್ತಿದ್ದೇವೆ. ಮುಂದಿನ ವಾರ ಅದರ ಫೋಟೋ ಜೋಡಿಸಿ ಮತ್ತೆ ಅರ್ಜಿ ಕೊಡಬೇಕು. ಪೇಟೆಗೆ ಹೋಗಲು ಬುಧವಾರಕ್ಕೆ ಗಾಡಿಗೆ ಹೇಳಿಟ್ಟಾಗಿದೆ.